ಅತ್ತೆ ಹೂಡಿದ ರೊಟ್ಟಿಯ ದಾವೆ

ನಾನು ಹಾನಗಲ್ ಕಡೆಯವಳು. ನಮ್ಮ ತವರಿನ ಹೊಲಗಳಲ್ಲಿ ಭತ್ತ, ಮನೆಯಲ್ಲಿ ಎರಡು ಹೊತ್ತೂ ಅನ್ನ. ರೊಟ್ಟಿ ಎಂಬುದು ನೆಂಟರು ಬಂದಾಗ ಪಕ್ಕದ ಓಣಿಯ ಹೆಂಗಸಿಗೆ ಹೇಳಿ ಮಾಡಿಸುವ ಪದಾರ್ಥ. ಅಂಥವಳನ್ನು ಸವಣೂರಿನ ಒಂದು ಮನೆಗೆ ಕೊಟ್ಟರು. ಬೆಳಿಗ್ಗೆ ಏಳಕ್ಕೆ ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ, ಯಾರಿಗೆ ಹುಷಾರಿಲ್ಲ ಎಂದು ನೆರೆಯವರು ಬಂದು ವಿಚಾರಿಸುವಂಥ ಮನೆ ಅದು.

ಅತ್ತೆಯ ತವರು ಯಲವಿಗಿ. ಅವರು ಮಾಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರು ಯಾರೆಂದು ಗೊತ್ತಾಗುತ್ತಿತ್ತು. ನನ್ನದನ್ನು ಹಿಡಿದರೆ ಕೈ ನೋಯುತ್ತಿತ್ತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ವೃತ್ತದ ವ್ಯಾಖ್ಯೆ ಬಾಯಿಪಾಠ ಇದೆ, ಕೈಗೆ ಮಾತ್ರ ಅದು ಮದುವೆಯಾಗಿ ಹನ್ನೊಂದು ವರ್ಷವಾದರೂ ಇಳಿಯಲಿಲ್ಲ. ಅತ್ತೆ ಬೈಯುತ್ತಿರಲಿಲ್ಲ. ನನ್ನ ರೊಟ್ಟಿಯನ್ನು ಬುಟ್ಟಿಯ ತಳಕ್ಕೆ ಹಾಕಿ, ತಮ್ಮದನ್ನು ಮೇಲೆ ಇಡುತ್ತಿದ್ದರು, ಅಷ್ಟೇ. ಬೈದಿದ್ದರೆ ನಾನು ಆ ಯಂತ್ರವನ್ನು ತರುತ್ತಿರಲಿಲ್ಲವೇನೋ.

ಶಿಗ್ಗಾಂವಿಯಲ್ಲಿ ಶಿಕ್ಷಕರ ತರಬೇತಿ ಇತ್ತು. ಮಧ್ಯಾಹ್ನ ಬಸ್ಸಿಗೆ ಹೊತ್ತಿತ್ತು, ಒಂದು ಗೃಹೋಪಯೋಗಿ ಸಾಮಾನಿನ ಅಂಗಡಿ ಹೊಕ್ಕೆ. ಕಪಾಟಿನ ಮೇಲೆ ಒಂದು ಡಬ್ಬಿ. ಅದರ ಮೇಲೆ ‘ರೊಟ್ಟಿ ಮೇಕರ್’ ಎಂದು ಕನ್ನಡದಲ್ಲೇ ದಪ್ಪಗೆ ಬರೆದಿತ್ತು. ಕೆಳಗೆ, ಬೆಳ್ಳಗಿನ ದುಂಡು ರೊಟ್ಟಿಗಳ ರಾಶಿಯ ಪಕ್ಕದಲ್ಲಿ ನಗುವ ಹೆಂಗಸು.

“ಜ್ವಾಳದ್ದು ಬರ್ತೈತೇನ್ರಿ ಇದರಾಗ?” ಎಂದು ಅಂಗಡಿಯವರನ್ನು ಕೇಳಿದೆ.

“ಜ್ವಾಳ, ಗೋದಿ, ಅಕ್ಕಿ, ಏನ್ ಹಾಕ್ತೀರೋ ಹಾಕ್ರಿ. ಅದಕ್ಕೇನು ಬಾಯಿ ಐತೇನ್ರಿ ಒಲ್ಲೆ ಅನ್ನಾಕ,” ಎಂದರು.

ಮನೆಗೆ ತಂದಾಗ ಅತ್ತೆ ಅದನ್ನು ಕರೆಯದೆ ಬಂದ ನೆಂಟರನ್ನು ನೋಡುವ ಹಾಗೆ ನೋಡಿದರು.

“ಇದು ಏನ್ ಮಾಡ್ತೈತಿ?”

“ರೊಟ್ಟಿ ಮಾಡ್ತೈತ್ರಿ ಅತ್ಯಾರ.”

“ಮತ್ತ ನೀ ಏನ್ ಮಾಡ್ತಿ?”

ಎಂಟು ದಿನ ಆ ಯಂತ್ರ ಅಡುಗೆಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿತ್ತು. ಎರಡು ದುಂಡನೆಯ ತಟ್ಟೆಗಳು, ಒಂದರ ಮೇಲೊಂದು, ಮೇಲಿನದಕ್ಕೊಂದು ಹಿಡಿಕೆ. ನಡುವೆ ಹಿಟ್ಟಿನ ಉಂಡೆ ಇಟ್ಟು ಹಿಡಿಕೆ ಒತ್ತಿದರೆ ರೊಟ್ಟಿ. ಒಂಬತ್ತನೆಯ ದಿನ, ಭಾನುವಾರ, ಅತ್ತೆ ತಾವಾಗಿಯೇ ಸೆರಗು ಸಿಕ್ಕಿಸಿಕೊಂಡು ಬಂದರು. “ತಂದೀ ಅಂದಮ್ಯಾಲೆ ನೋಡೂಣು. ಓದು, ಅದೇನ್ ಬರದಾರ,” ಎಂದರು.

ಕೈಪಿಡಿಯ ಕನ್ನಡವನ್ನು ಯಾರು ಬರೆದಿದ್ದರೋ. ‘ಹಿಟ್ಟನ್ನು ಅರ್ಧ ಗಂಟೆ ವಿಶ್ರಾಂತಿಗೆ ಕಳುಹಿಸಿರಿ. ಕೆಂಪು ದೀಪವು ಮರಣಿಸಿದ ಬಳಿಕ ಉಂಡೆಯನ್ನು ಮಧ್ಯದಲ್ಲಿ ಸ್ಥಾಪಿಸಿರಿ. ಮುಚ್ಚಳವನ್ನು ಮನಸ್ಸಿಟ್ಟು ಒತ್ತಿರಿ.’ ನಾನು ಓದುತ್ತಾ ಹೋದೆ, ಅತ್ತೆ ಮಾಡುತ್ತಾ ಹೋದರು. ಕುದಿನೀರು ಹಾಕಿ ನಾದಿದ ಜೋಳದ ಹಿಟ್ಟು, ಎಂದಿನಂತೆ. ದೀಪ ಮರಣಿಸಿತು. ಉಂಡೆ ಸ್ಥಾಪನೆಯಾಯಿತು. ಅತ್ತೆ ಮನಸ್ಸಿಟ್ಟು ಒತ್ತಿದರು.

ಮೊದಲು ಕುಕ್ಕರ್ ಸೀಟಿ ಹಾಕಲು ಹವಣಿಸುವಂಥ ಸಣ್ಣ ಸದ್ದು. ಆಮೇಲೆ ಏನಾಯಿತೆಂದು ನೋಡುವಷ್ಟು ಹೊತ್ತೇ ಸಿಗಲಿಲ್ಲ. ಹಿಡಿಕೆ ಕಿತ್ತು ಅತ್ತೆಯ ಕೈಯಲ್ಲೇ ಉಳಿಯಿತು, ಮುಚ್ಚಳ ಮೇಲಕ್ಕೆ ಹಾರಿ ಅವರ ಬಲಗೈಯ ಮೇಲೆ ಬಂದು ಕೂತಿತು, ಅರ್ಧ ಬೆಂದ ಹಿಟ್ಟು ಮಣಿಕಟ್ಟಿಗೂ ಗದ್ದಕ್ಕೂ ಮೆತ್ತಿತು. ಇನ್ನುಳಿದ ಹಿಟ್ಟು ಸೂರಿಗೆ ಅಂಟಿಕೊಂಡಿತು. ಹೊರಗೆ ಪೇಪರ್ ಓದುತ್ತಿದ್ದ ನನ್ನ ಗಂಡ ಸಿಲಿಂಡರ್ ಸಿಡಿಯಿತೆಂದು ತಿಳಿದು ಮೊದಲು ಬೀದಿಗೆ ಓಡಿ, ಆಮೇಲೆ ನೆನಪಾಗಿ ಒಳಗೆ ಬಂದರು.

ಅತ್ತೆ ಕೂಗಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತು, “ನಲವತ್ತು ವರ್ಷ ಕೆಂಡದಂಥಾ ಹಂಚಿನ ಮ್ಯಾಲೆ ಕೈ ಆಡಿಸೇನಿ. ಒಂದ್ ಗುಳ್ಳಿ ಎದ್ದಿದ್ದಿಲ್ಲ,” ಎಂದರು. ನನಗೆ ಹೇಳಿದ್ದಲ್ಲ ಅದು, ನೀರಿಗೆ ಹೇಳಿದ್ದು.

ಡಾಕ್ಟರು ಪಟ್ಟಿ ಸುತ್ತಿದರು. ಮುಂಗೈಯಿಂದ ಮೊಣಕೈವರೆಗೆ ಅರ್ಧಚಂದ್ರಾಕಾರದ ಸುಟ್ಟಗಾಯ. ಮಾಯಲು ತಿಂಗಳ ಮೇಲೆ ಹಿಡಿಯಿತು. ಕೇಳಿದವರಿಗೆಲ್ಲ ಅತ್ತೆ ಬಿಸಿನೀರು ಚೆಲ್ಲಿತೆಂದು ಹೇಳಿದರು. ರೊಟ್ಟಿ ಮಾಡಲು ಹೋಗಿ ಕೈ ಸುಟ್ಟುಕೊಂಡೆ ಎನ್ನುವುದು ಅವರ ಮಟ್ಟಿಗೆ ನಾಲ್ಕು ಮಂದಿಯೆದುರು ಆಡುವ ಮಾತಲ್ಲ. ಆ ತಿಂಗಳು ಪೂರ್ತಿ ಮನೆಮಂದಿ ನನ್ನ ರೊಟ್ಟಿ ತಿಂದರು. ನನ್ನ ಗಂಡ ಎರಡನೆಯ ವಾರದಿಂದ ತಮ್ಮ ಅಂಗಡಿಯಲ್ಲೇ ಊಟ ಮುಗಿಸಿ ಬರತೊಡಗಿದರು.

ಅಷ್ಟಕ್ಕೇ ಎಲ್ಲ ಮುಗಿಯುತ್ತಿತ್ತು. ನನ್ನ ಗಂಡನದು ಬೀಜ-ಗೊಬ್ಬರದ ಅಂಗಡಿ. ಗಿರಾಕಿಗಳ ತಕರಾರು ಎಂದರೆ ಅವರಿಗೆ ಮೊದಲೇ ಚಳಿ. ಕಂಪನಿಗೆ ಫೋನು ಮಾಡೋಣ, ಕೆಟ್ಟ ಯಂತ್ರವನ್ನು ಬದಲಿಸಿಕೊಟ್ಟರೆ ಸಾಕು ಎಂದರು. ಒಂದನ್ನು ಒತ್ತಿ, ಎರಡನ್ನು ಒತ್ತಿ, ಹಾಡು ಕೇಳಿ, ಕೊನೆಗೊಬ್ಬ ಹುಡುಗಿ ಸಿಕ್ಕಳು. ಗಾಯದ ಫೋಟೊ ಬೇಡ, ರೊಟ್ಟಿಯ ಫೋಟೊ ಕಳಿಸಿ ಎಂದಳು. ಸೂರಿಗೆ ಅಂಟಿದ್ದ ಹಿಟ್ಟಿನ ಫೋಟೊ ಕಳಿಸಿದೆವು. ವಾರದ ಮೇಲೆ ಈಮೇಲ್ ಬಂತು. ಅತ್ತೆ ಸೋಫಾದಲ್ಲಿ ಕೂತು, “ಏನಂತ ಬರದಾರ, ಓದು,” ಎಂದರು. ನಾನು ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಾ ಓದಿದೆ. ಎರಡನೆಯ ಸಾಲನ್ನು ನುಂಗಬೇಕಿತ್ತು, ಹೊಳೆಯಲಿಲ್ಲ. ‘ಫೋಟೊ ಪರಿಶೀಲಿಸಲಾಗಿ, ಬಳಸಿದವರಿಗೆ ರೊಟ್ಟಿ ಮಾಡುವ ಕೌಶಲ್ಯ ಇಲ್ಲದಿರುವುದೇ ಘಟನೆಗೆ ಕಾರಣವೆಂದು ಕಂಡುಬರುತ್ತದೆ.’

ಅತ್ತೆ “ಇನ್ನೊಂದ್ ಸಲ ಓದು,” ಎಂದರು. ಓದಿದೆ.

“ಯಾರಿಗೆ ಬರಂಗಿಲ್ಲ ಅಂತ?”

“ಬಳಸಿದವರಿಗೆ ಅಂತ ಐತ್ರಿ.”

“ಅಂದ್ರ ನನಗ.” ಅವರು ಮಗನ ಕಡೆ ತಿರುಗಿದರು. “ಹಿರೇಕೆರೂರಿಗೆ ಫೋನ್ ಹಚ್ಚು.”

“ಯವ್ವಾ, ಕೋರ್ಟು ಕಚೇರಿ ಬ್ಯಾಡ. ನಾನೂ ಅಂಗಡಿ ಇಟ್ಟಾಂವ, ನಾಳೆ ನನ್ನ ಮ್ಯಾಲೂ—”

“ನಿನ್ನ ಬೀಜ ಹುಟ್ಟಲಿಲ್ಲಂದ್ರ, ರೈತಗ ಬಿತ್ತಾಕ ಬರಂಗಿಲ್ಲ ಅಂತ ಬರದುಕೊಡ್ತಿ ಏನು?”

ನನ್ನ ಗಂಡ ಫೋನು ಹಚ್ಚಿದರು.

ಹಿರೇಕೆರೂರಿನಲ್ಲಿ ಅತ್ತೆಯ ಅಣ್ಣನ ಮಗ ವಕೀಲರಾಗಿದ್ದಾರೆ. ಹೊಲ ಪಾಲು ಮಾಡುವ ವಾಟ್ನಿ, ಬದುವಿನ ಜಗಳ, ಬಾವಿಯ ದಾರಿ, ಇವುಗಳನ್ನು ಬಿಟ್ಟು ಬೇರೆ ಪ್ರಕರಣ ಹಿಡಿದವರಲ್ಲ. ಆದರೂ ಸೋದರತ್ತೆ ಎಂಬ ಕಕ್ಕುಲಾತಿಯಿಂದ ಒಪ್ಪಿಕೊಂಡರು. ಅವರು ಬರೆದ ದೂರಿನ ಮೊದಲ ಪ್ರತಿಯನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ. ‘ಸದರಿ ಯಂತ್ರಕ್ಕೆ ಚಕ್ಕುಬಂದಿ: ಪೂರ್ವಕ್ಕೆ ಮಿಕ್ಸರ್, ಪಶ್ಚಿಮಕ್ಕೆ ಗ್ಯಾಸ್ ಒಲೆ, ಉತ್ತರಕ್ಕೆ ಸ್ವಂತ ಗೋಡೆ, ದಕ್ಷಿಣಕ್ಕೆ ದೂರುದಾರರು.’ ಈ ಗಡಿಗಳನ್ನು ತೆಗೆದುಹಾಕಿ ಎಂದು ಕೇಳಿಕೊಂಡೆ. “ಇರ್ಲಿ ಬಿಡ್ರಿ ವೈನಿ, ಹದ್ದು ಗಟ್ಟಿ ಇದ್ದಷ್ಟೂ ಚಲೋ,” ಎಂದರು.

ದೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಯಿತು. ಕೆಲವು ತಿಂಗಳ ನಂತರ ಕಂಪನಿಯ ತಕರಾರು ಬಂತು. ಅದರಲ್ಲಿ ಎರಡು ಮುಖ್ಯ ಮಾತು. ಒಂದು, ಯಂತ್ರದ ಹೆಸರಿನಲ್ಲಿರುವ ರೊಟ್ಟಿ ಎಂಬ ಪದ ಗೋಧಿಯಿಂದ ಮಾಡಿದ ಪದಾರ್ಥಕ್ಕೆ ಮಾತ್ರ ಅನ್ವಯಿಸುತ್ತದೆ, ಜೋಳದ್ದು ರೊಟ್ಟಿಯಲ್ಲ. ಇದನ್ನು ಕೇಳಿ ಅತ್ತೆ, “ಹಂಗಾರ ನಮ್ಮ ಮಂದಿ ಇಷ್ಟ್ ದಿನಾ ಏನ್ ತಿಂದಾರ?” ಎಂದು ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದರು.

ಎರಡನೆಯದು ಇನ್ನೂ ಸೂಕ್ಷ್ಮದ್ದು. ಯಂತ್ರದ ಬಿಲ್ಲು ನನ್ನ ಹೆಸರಿನಲ್ಲಿತ್ತು. ಆದ್ದರಿಂದ ಗ್ರಾಹಕಳು ನಾನು, ಅತ್ತೆಯಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸಿದವರನ್ನೂ ಗ್ರಾಹಕರೆಂದು ಕಾನೂನು ಒಪ್ಪುತ್ತದೆ. ಆದರೆ ಅತ್ತೆ ನನ್ನ ಒಪ್ಪಿಗೆ ಪಡೆದಿದ್ದಕ್ಕೆ ಪುರಾವೆ ಎಲ್ಲಿದೆ?

ವಕೀಲರು ಒಂದು ಪ್ರಮಾಣಪತ್ರ ಸಿದ್ಧಪಡಿಸಿದರು. ಅತ್ತೆ ಅದನ್ನು ತಾವೇ ಅಕ್ಷರ ಅಕ್ಷರ ಕೂಡಿಸಿ ಓದಿದರು. ‘ನಾನು ನನ್ನ ಸೊಸೆಯ ಅನುಮತಿ ಪಡೆದು ಅಡುಗೆಮನೆಯಲ್ಲಿ ಸದರಿ ಯಂತ್ರವನ್ನು ಬಳಸಿರುತ್ತೇನೆ.’ ಅನುಮತಿ ಎಂಬಲ್ಲಿ ಬೆರಳು ನಿಂತಿತು. ಆ ಅಡುಗೆಮನೆಯ ಕಟ್ಟೆಗೆ ಸಿಮೆಂಟು ಕಲಸುವಾಗ ನೀರು ಹೊತ್ತವರು ಅವರು. ನಾನು ಬಂದ ಮೇಲೂ ಸಾಸಿವೆ ಡಬ್ಬಿ ಯಾವ ಕಪಾಟಿನಲ್ಲಿರಬೇಕೆಂಬುದನ್ನು ನಾನು ಅವರನ್ನೇ ಕೇಳುತ್ತಿದ್ದೆ.

“ಬ್ಯಾರೆ ಶಬ್ದ ಇಲ್ಲೇನಪಾ?” ಎಂದು ಅಣ್ಣನ ಮಗನನ್ನು ಕೇಳಿದರು.

“ಇಲ್ರಿ ಅತ್ತೀ. ಕಾನೂನಿನ್ಯಾಗ ಅದ ಐತಿ.”

ಅತ್ತೆ ಸಹಿ ಮಾಡಿದರು. ಆದರೆ ಆಯೋಗದಲ್ಲಿ ಕಂಪನಿಯ ವಕೀಲರು ಅಷ್ಟಕ್ಕೆ ಬಿಡಲಿಲ್ಲ. ಕಡುಗಪ್ಪು ಕೋಟಿನ, ಮೆಲುದನಿಯ, ಬೆಂಗಳೂರಿನ ಮನುಷ್ಯ. “ಅಮ್ಮಾ, ಆ ದಿನ ನಿಮ್ಮ ಸೊಸೆ ನಿಮಗೆ ಅನುಮತಿ ಕೊಟ್ಟಿದ್ದರೇ?” ಎಂದು ಎಲ್ಲರೆದುರು ಕೇಳಿದರು. ಅಧ್ಯಕ್ಷರ ಸ್ಥಾನದಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಅವರೂ ಪೆನ್ನು ಹಿಡಿದು ಕಾದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಸಭಾಂಗಣದ ಹಿಂದೆ, ಬೇರೆ ಪ್ರಕರಣಕ್ಕೆ ಬಂದಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಇತ್ತ ತಿರುಗಿದರು.

“ಕೊಟ್ಟಿದ್ಲ್ರಿ,” ಎಂದರು ಅತ್ತೆ.

“ಬಾಯಿಮಾತಿನಲ್ಲೋ, ಬರಹದಲ್ಲೋ?”

“ನಮ್ಮ ಕಡೆ ಇನ್ನೂ ಬಾಯಿಮಾತಿನಾಗ ನಡದೈತ್ರಿ.”

ಅಧ್ಯಕ್ಷರು ತಲೆ ಬಗ್ಗಿಸಿ ಏನೋ ಬರೆದುಕೊಂಡರು. ನಕ್ಕರೋ ಏನೋ, ಕಾಣಲಿಲ್ಲ. ಸವಣೂರಿಗೆ ಮರಳುವ ಬಸ್ಸಿನಲ್ಲಿ ಅತ್ತೆ ಕಿಟಕಿ ಕಡೆ ಮುಖ ಮಾಡಿಯೇ ಕೂತಿದ್ದರು. ಊರು ಹತ್ತಿರ ಬಂದಾಗ, “ಯಲವಿಗಿಯವ್ರಿಗೆ ಈ ಮಾತು ಮುಟ್ಟಬಾರದು,” ಎಂದಷ್ಟೇ ಹೇಳಿದರು. ನಾನು ಮುಟ್ಟಿಸಲಿಲ್ಲ.

ಯಂತ್ರದಲ್ಲಿ ದೋಷವಿದೆಯೋ, ಮಾಡಿದವರಲ್ಲೋ ಎಂದು ತಿಳಿಯಲು ಆಯೋಗ ಒಬ್ಬ ಪಾಲಿಟೆಕ್ನಿಕ್ ಉಪನ್ಯಾಸಕರನ್ನು ತಜ್ಞರೆಂದು ನೇಮಿಸಿತು. ಎರಡೂ ಪಕ್ಷದವರ ಎದುರು, ಘಟನೆ ನಡೆದ ಜಾಗದಲ್ಲೇ, ಅದೇ ಮಾದರಿಯ ಹೊಸ ಯಂತ್ರದಿಂದ ಪರೀಕ್ಷೆಯಾಗಬೇಕು. ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಉಪನ್ಯಾಸಕರು, ಕಂಪನಿಯ ವಕೀಲರು, ಮೈಸೂರು ಕಡೆಯ ಒಬ್ಬ ನಡುವಯಸ್ಸಿನ ಕಂಪನಿ ಎಂಜಿನಿಯರು, ನಮ್ಮ ಹಿರೇಕೆರೂರಿನ ವಕೀಲರು, ಅತ್ತೆ ಮತ್ತು ನಾನು ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಿಂತೆವು. ನನ್ನ ಗಂಡ ಬಾಗಿಲಲ್ಲಿ ನಿಂತು ಎಲ್ಲರಿಗೂ ನೀರು ಕೊಡುತ್ತಿದ್ದರು.

ಎಂಜಿನಿಯರು ಮೊದಲು ಗೋಧಿ ಹಿಟ್ಟಿನ ಉಂಡೆ ಇಟ್ಟು ಒತ್ತಿದರು. ಹಪ್ಪಳದಂಥದ್ದೊಂದು ಬಂತು. “ನೋಡಿ, ರೊಟ್ಟಿ ಬಂತು,” ಎಂದರು.

ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿದರು. “ಇದು ಚಪಾತಿ. ಅದೂ ಒಣಾದ್ದು.”

“ನಮ್ಮ ಕಡೆ ರೊಟ್ಟಿ ಅಂದ್ರೆ ಅಕ್ಕಿದು ಬಿಡಿ, ಅದಕ್ಕೆ ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕ್ತಾರೆ,” ಎಂದು ಎಂಜಿನಿಯರು ಉತ್ಸಾಹದಿಂದ ಶುರುಮಾಡಿದರು. ಅವರ ವಕೀಲರು ಕೆಮ್ಮಿದರು. ಉಪನ್ಯಾಸಕರು ತಮ್ಮ ಹಾಳೆಯಲ್ಲಿ ‘ಗೋಧಿಯ ವಸ್ತು, ಒಂದು’ ಎಂದು ಬರೆದರು.

ಇನ್ನು ಜೋಳ. ದೂರುದಾರರಿಗೆ ಕೌಶಲ್ಯವಿಲ್ಲವೆಂದು ಕಂಪನಿ ಹೇಳಿರುವುದರಿಂದ, ಮೊದಲು ಕೌಶಲ್ಯ ಇದೆಯೋ ಇಲ್ಲವೋ ನಿರ್ಧಾರವಾಗಬೇಕು ಎಂದರು ಉಪನ್ಯಾಸಕರು. ಅತ್ತೆ ಹಿಟ್ಟು ನಾದುವ ಪರಾತ ಎಳೆದುಕೊಂಡು ಕೂತರು. ಪಟ್ಟಿ ಬಿಚ್ಚಿ ಎಷ್ಟೋ ದಿನವಾಗಿತ್ತು, ಕಲೆ ಮಾತ್ರ ಉಳಿದಿತ್ತು. ಅವರು ಬಡಿಯತೊಡಗಿದಾಗ ಅಡುಗೆಮನೆಯಲ್ಲಿ ಮತ್ತಾವ ಸದ್ದೂ ಇರಲಿಲ್ಲ. ಮೂರು ರೊಟ್ಟಿ ಹಂಚಿನಿಂದ ಇಳಿದವು. ಉಪನ್ಯಾಸಕರು ಚೀಲದಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು, ಲೋಹದ ತಗಡಿನ ದಪ್ಪ ಅಳೆಯುವ ಉಪಕರಣ. ಪ್ರತಿ ರೊಟ್ಟಿಯನ್ನೂ ನಾಲ್ಕು ಕಡೆ ಅಳೆದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಳೆದರು. “ವ್ಯತ್ಯಾಸ ಸಿಗ್ತಾನ ಇಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು.

ಆಗ ಕಂಪನಿಯ ವಕೀಲರಿಗೆ ಒಂದು ಯೋಚನೆ ಬಂತು. ಯಂತ್ರ ಕೊಂಡವಳು ನಾನಾದ್ದರಿಂದ, ಹೋಲಿಕೆಗಾಗಿ ನನ್ನ ರೊಟ್ಟಿಯನ್ನೂ ಅಳೆಯಬೇಕೆಂದರು. ನಮ್ಮ ವಕೀಲರು ತಕರಾರು ತೆಗೆದರು, ಉಪನ್ಯಾಸಕರು ತಳ್ಳಿಹಾಕಿದರು. ಐದು ಗಂಡಸರ ಎದುರು ನಾನು ರೊಟ್ಟಿ ಬಡಿದೆ. ನಾಲ್ಕು ಕಡೆ ನಾಲ್ಕು ಅಳತೆ ಬಂತು. ಒಂದು ಕಡೆ ಕ್ಯಾಲಿಪರ್ ರೊಟ್ಟಿಯಿಂದ ಆಚೆ ಬಂತು, ಅಲ್ಲಿ ತೂತಿತ್ತು. ಎಲ್ಲವೂ ವರದಿಯಲ್ಲಿ ದಾಖಲಾಗಿದೆ. ಅದು ಸರಕಾರಿ ಕಾಗದ, ನನ್ನ ಮರಿಮಕ್ಕಳೂ ಬೇಕಾದರೆ ತೆಗೆಸಿ ನೋಡಬಹುದು.

ಕೊನೆಗೆ ಹೊಸ ಯಂತ್ರದಲ್ಲಿ ಜೋಳ. ಅತ್ತೆ ಒತ್ತಿದರೆ ತಪ್ಪು ಅವರದೆಂಬ ಮಾತು ಮತ್ತೆ ಬರುತ್ತದೆಂದು, ಅತ್ತೆಯ ಹಿಟ್ಟನ್ನು ಎಂಜಿನಿಯರೇ ಒತ್ತಬೇಕೆಂದು ತೀರ್ಮಾನವಾಯಿತು. ಅವರು ದಪ್ಪ ಕೈಗವಸು ಹಾಕಿಕೊಂಡರು. “ಕೈಪಿಡಿಯಲ್ಲಿ ಕೈಗವಸಿನ ಮಾತಿಲ್ಲ,” ಎಂದು ನಾನು ನೆನಪಿಸಿದೆ. ಉಪನ್ಯಾಸಕರು ಹೌದೆಂದರು. ಎಂಜಿನಿಯರು ಗವಸು ತೆಗೆದರು, ದೇವರ ಕಪಾಟಿನ ಕಡೆ ಒಮ್ಮೆ ನೋಡಿ ಒತ್ತಿದರು.

ಅದೇ ಸಣ್ಣ ಸದ್ದು ಬಂತು. ನಾನೂ ಅತ್ತೆಯೂ ಒಟ್ಟಿಗೇ ಹಿಂದೆ ಸರಿದೆವು. ಉಳಿದವರಿಗೆ ಆ ಸದ್ದಿನ ಪರಿಚಯವಿರಲಿಲ್ಲ. ಮುಚ್ಚಳ ಹಾರಿತು, ಹಿಟ್ಟು ಕಂಪನಿ ವಕೀಲರ ಕಪ್ಪು ಕೋಟಿನ ಮೇಲೆ ಬೆಳ್ಳಗೆ ಅಂಗೈಯಗಲ ಕೂತಿತು. ಎಂಜಿನಿಯರ ಹೆಬ್ಬೆರಳು ಕೆಂಪಾಯಿತು. ಅವರು ಬೆರಳು ಊದಿಕೊಳ್ಳುವಷ್ಟರಲ್ಲಿ ಅತ್ತೆ ಅವರ ಕೈ ಹಿಡಿದು ನಲ್ಲಿಯ ಕೆಳಗೆ ಎಳೆದಿದ್ದರು.

“ಉಜ್ಜಬ್ಯಾಡೋ ತಮ್ಮಾ. ನೀರಾಗ ಹಿಡಿ. ಹಿಂಗ.”

“ಪರವಾಗಿಲ್ಲ ಅಮ್ಮ.”

“ಪರವಾಗಿಲ್ಲ ಅಂದ್ರ ಗುಳ್ಳಿ ಏಳೂದು ಬಿಡತೈತೇನು? ಹಿಡಿ.”

ಅವರು ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ, ಅವರ ವಕೀಲರಿಗೆ ಕೇಳಿಸದ ಹಾಗೆ, “ಉಗಿ ಹೋಗೋಕೆ ದಾರಿನೇ ಇಟ್ಟಿಲ್ಲ ಅಮ್ಮ. ಹಿಡಿಕೆಗೆ ಎರಡು ಸ್ಕ್ರೂ ಹಾಕಿ ಅಂತ ನಾನೇ ಬರೆದು ಕಳಿಸಿದ್ದೆ. ಒಂದೇ ಸಾಕು ಅಂದ್ರು,” ಎಂದರು. ಪಾತ್ರೆ ತೊಳೆಯುತ್ತಿದ್ದ ನನಗೆ ಕೇಳಿಸಿತು. ಅತ್ತೆಯೂ ನಾನೂ ಅದನ್ನು ಯಾರಿಗೂ ಹೇಳಲಿಲ್ಲ. ಅವರ ನೌಕರಿಗೆ ಕುತ್ತು ಬರುವುದು ಬೇಡವಾಗಿತ್ತು. ಉಪನ್ಯಾಸಕರು ಯಂತ್ರ ಬಿಚ್ಚಿ ನೋಡಿ ತಾವಾಗಿಯೇ ಅದನ್ನೇ ಬರೆದರು.

ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಮನೆಗೆ ಬಂದವರನ್ನು ಹಸಿದು ಕಳಿಸುವುದು ಅತ್ತೆಯ ಪದ್ಧತಿಯಲ್ಲ, ಎದುರುದಾರರಾದರೂ ಸರಿ. ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು, ಬಿಸಿ ರೊಟ್ಟಿ. ಎಲ್ಲರೂ ಸಾಲಾಗಿ ಕೂತು ಉಂಡರು. ಅಳತೆ ಮಾಡಿದ ರೊಟ್ಟಿಗಳೂ ಖಾಲಿಯಾದವು, ನನ್ನದೊಂದನ್ನು ಬಿಟ್ಟು.

ಮುಂದಿನ ವಿಚಾರಣೆಯಲ್ಲಿ ಕಂಪನಿಯ ವಕೀಲರು ಆ ವರದಿಯನ್ನು ಒಪ್ಪಬಾರದೆಂದು ವಾದಿಸಿದರು. ತಜ್ಞರು ದೂರುದಾರರ ಮನೆಯಲ್ಲಿ ಊಟ ಮಾಡಿದ್ದರಿಂದ ಪಕ್ಷಪಾತಿಯಾಗಿದ್ದಾರೆ ಎಂಬುದು ಅವರ ಆಕ್ಷೇಪ. ನಮ್ಮ ವಕೀಲರು ಎದ್ದು ನಿಂತು, ಆಕ್ಷೇಪಿಸಿದವರೂ ಅದೇ ಪಂಕ್ತಿಯಲ್ಲಿ ಕೂತು ನಾಲ್ಕು ರೊಟ್ಟಿ ಉಂಡಿದ್ದಾರೆ ಎಂದರು.

ಅಧ್ಯಕ್ಷರು ಕಂಪನಿಯ ವಕೀಲರನ್ನು ನೋಡಿದರು. “ಹೌದೇ?”

“ಮೂರು, ಮೇಡಂ,” ಎಂದರು ಅವರು.

“ಯಾವುದರದ್ದು?”

“ಜೋಳದ್ದು.”

“ಜೋಳದ್ದು ಏನು?”

ಅವರು ಉತ್ತರ ಕೊಡುವ ಮುನ್ನ ಬಹಳ ಹೊತ್ತು ಕಾಗದ ಹುಡುಕಿದರು. “ಜೋಳದ ರೊಟ್ಟಿ, ಮೇಡಂ,” ಎಂದರು ಕೊನೆಗೆ.

ತೀರ್ಪು ನಮ್ಮ ಕಡೆ ಆಯಿತು. ತಯಾರಿಕೆಯಲ್ಲಿ ದೋಷವಿದೆ, ಅಪಾಯದ ಎಚ್ಚರಿಕೆ ಕೊಟ್ಟಿಲ್ಲ, ಹೊಣೆ ಕಂಪನಿಯದು. ಪರಿಹಾರ ಕೊಡಬೇಕು, ಮುಂದೆ ಸ್ಪಷ್ಟ ಎಚ್ಚರಿಕೆ ಹಾಕಬೇಕು. ಪರಿಹಾರ ಎಷ್ಟೆಂದು ಅತ್ತೆ ಕೇಳಲೂ ಇಲ್ಲ. ‘ದೂರುದಾರರು ರೊಟ್ಟಿ ತಯಾರಿಕೆಯಲ್ಲಿ ಪರಿಣತರೆಂಬುದು ತಜ್ಞರ ಅಳತೆಯಿಂದ ಸಾಬೀತಾಗಿದೆ’ ಎಂಬ ಸಾಲನ್ನು ನನ್ನಿಂದ ಯಲವಿಗಿಯ ತಂಗಿಗೆ ಫೋನಿನಲ್ಲಿ ಓದಿಸಿದರು. ನಂತರ ಬಂಕಾಪುರದ ನೆಂಟರಿಗೆ. ಬಿಸಿನೀರು ಚೆಲ್ಲಿದ ಕಥೆ ಏನಾಯಿತೆಂದು ಯಾರೂ ಕೇಳಲಿಲ್ಲ.

ಒಂದು ವರ್ಷದ ಮೇಲೆ ಮಿಕ್ಸರ್ ಜಾರು ಕೊಳ್ಳಲು ನಾವಿಬ್ಬರೂ ಶಿಗ್ಗಾಂವಿಯ ಆ ಅಂಗಡಿಗೆ ಹೋಗಿದ್ದೆವು. ಅದೇ ಡಬ್ಬಿ, ಅದೇ ನಗುವ ಹೆಂಗಸು, ಅದೇ ದಪ್ಪ ಅಕ್ಷರದ ‘ರೊಟ್ಟಿ ಮೇಕರ್’. ಕೆಳಗೆ ಮಾತ್ರ ಹಳದಿ ಚೀಟಿಯೊಂದನ್ನು ಅಂಟಿಸಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು. “ಎಚ್ಚರಿಕೆ. ಈ ರೊಟ್ಟಿ ಮೇಕರ್‌ನಲ್ಲಿ ರೊಟ್ಟಿ ಮಾಡಬಾರದು.”

ಡಬ್ಬಿ ತೆರೆದು ಹಿಡಿಕೆಯನ್ನು ನೋಡಿದೆ. ಸ್ಕ್ರೂ ಒಂದೇ ಇತ್ತು.

ನಮ್ಮ ಪಕ್ಕದಲ್ಲಿ ಒಬ್ಬ ಹೆಂಗಸು ಅದೇ ಯಂತ್ರವನ್ನು ತಿರುವಿ ನೋಡುತ್ತಿದ್ದಳು. ಅತ್ತೆ ಅವಳಿಗೆ ಚೀಟಿ ತೋರಿಸಿದರು, ತೋಳು ಏರಿಸಿ ಕಲೆಯನ್ನೂ ತೋರಿಸಿದರು. ಅವಳು ಗಾಬರಿಯಿಂದ ಅಂಗಡಿಯವರನ್ನು ಕೇಳಿದಳು. “ರೊಟ್ಟಿ ಮಾಡಬಾರದಂದ್ರ ಮತ್ತೇನ್ ಮಾಡೂದ್ರಿ ಇದರಾಗ?”

“ಹಪ್ಪಳ ಸುಡಬಹುದ್ರಿ,” ಎಂದರು ಅಂಗಡಿಯವರು, ಕಣ್ಣು ಪಿಳುಕಿಸದೆ. “ಭಾಳ ಮಂದಿ ಅದಕ್ಕ ಒಯ್ಯಾಕತ್ತಾರ.”

ಅವಳು ಇನ್ನೊಮ್ಮೆ ಚೀಟಿ ಓದಿದಳು, ಹೆಂಗಸಿನ ಚಿತ್ರ ನೋಡಿದಳು, ಆಮೇಲೆ ಕಟ್ಟಿಕೊಡಿ ಎಂದಳು.

ನಾನು ಅತ್ತೆಯ ಮುಖ ನೋಡಿದೆ. ಸಿಟ್ಟು ಬಂದಿರಬೇಕೆಂದುಕೊಂಡಿದ್ದೆ. ಅವರು ಕನ್ನಡಕ ಮಡಚಿ ಚೀಲಕ್ಕೆ ಹಾಕಿದರು.

“ಇರ್ಲಿ ಬಿಡು,” ಎಂದರು. “ಓದಿ ತಗೊಂಡಾಳ.”